ಪದಕ್ಕಿಷ್ಟು ಎಂಬ ಲೆಕ್ಕ

ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯ ಸುತ್ತಮುತ್ತ ಮದುವೆ, ಉಪನಯನ, ಸತ್ಯನಾರಾಯಣ ವ್ರತ ಎಂದು ಯಾವ ಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: "ಮನೇಲೇ ಕೂತ್ಕಂಡು ಬರದ್ರೆ ದುಡ್ಡು ಕೊಡ್ತ್ವಡ, ಹೌದನೇ ತಂಗಿ?" ಕೊಡುತ್ತಾರೆ ಎಂದು ಹೇಳಿ ನಾನು ಅನ್ನದ ಕಡೆಗೆ ಗಮನ ಕೊಡುತ್ತೇನೆ. ಬೆಂಗಳೂರಿನ ಪತ್ರಿಕೆಯೊಂದರ ಡೆಸ್ಕ್ ಕೆಲಸವನ್ನು ಬಿಟ್ಟು 2017ರಲ್ಲಿ ಊರಿಗೆ ಮರಳಿದ ಮೇಲೆ ಇಂಟರ್‌ನೆಟ್ಟಿನ ಮೂಲಕ ಬರುವ ಅನುವಾದ ಮತ್ತು ಬರವಣಿಗೆಯ ಕೆಲಸದಿಂದಲೇ ನಾನು ಬದುಕುತ್ತಿರುವುದರಿಂದ ಅದು ಸುಳ್ಳಲ್ಲ. ಆದರೆ ಆ ದುಡ್ಡನ್ನು ಯಾರು, ಹೇಗೆ, ಯಾವುದನ್ನು ಎಣಿಸಿ ಕೊಡುತ್ತಾರೆ ಎಂಬುದನ್ನು ಹೇಳಹೊರಟರೆ ಪಾಯಸ ಬರುವುದರೊಳಗೆ ಮುಗಿಯುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಸಿಕ್ಕ ಮೊದಲ ದೊಡ್ಡ ಕೆಲಸವೆಂದರೆ ಉಳಿತಾಯ ಯೋಜನೆಗಳ ಬಗೆಗಿನ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವುದು. ಹೊರರಾಜ್ಯದ ಅನುವಾದ ಏಜೆನ್ಸಿಯೊಂದು ಇಮೇಲಿನಲ್ಲಿ ಕಡತವನ್ನು ಕಳಿಸಿ, ಪದಕ್ಕೆ 1 ರೂಪಾಯಿ 10 ಪೈಸೆಯಂತೆ ಕೊಡುವುದಾಗಿ ಹೇಳಿತ್ತು. ಕಡತದಲ್ಲಿ 18,400 ಪದಗಳಿದ್ದವು. 20,240 ರೂಪಾಯಿ ಬರುತ್ತದೆಂದು ಕ್ಯಾಲೆಂಡರಿನ ಹಿಂದೆ ಗುಣಿಸಿ ಬರೆದಿಟ್ಟುಕೊಂಡು, ಹನ್ನೊಂದು ದಿನ ರಾತ್ರಿ ಹಗಲು ಕುಳಿತು ಮುಗಿಸಿ ಕಳಿಸಿದೆ. ಬಂದದ್ದು 13,310 ರೂಪಾಯಿ. ತಪ್ಪಾಗಿರಬೇಕೆಂದು ಕೇಳಿದರೆ, ತಪ್ಪೇನೂ ಆಗಿಲ್ಲ, ನೀವು ಬರೆದಿರುವುದು 12,100 ಪದಗಳಷ್ಟೇ, ನಾವು ಬರೆದ ಪದಗಳಿಗೆ ದುಡ್ಡು ಕೊಡುತ್ತೇವೆ ಎಂಬ ಉತ್ತರ ಬಂತು.

ಪದವೆಂದರೆ ಯಾವ ಭಾಷೆಯ ಪದ ಎಂದು ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಕಂಪ್ಯೂಟರಿನ ದೃಷ್ಟಿಯಲ್ಲಿ ಪದವೆಂದರೆ ಎರಡು ಖಾಲಿ ಜಾಗಗಳ ನಡುವೆ ಇರುವುದು, ಅಷ್ಟೇ. ಅದೇ ಕೈಪಿಡಿಯಲ್ಲಿ ಹತ್ತಾರು ಕಡೆ ಬರುತ್ತಿದ್ದ ಒಂದು ಸಾಲು ನನಗೆ ಇಂದಿಗೂ ಬಾಯಿಪಾಠವಾಗಿದೆ: "ಯು ವಿಲ್ ನಾಟ್ ಬಿ ಏಬಲ್ ಟು ವಿತ್‌ಡ್ರಾ ದಿಸ್ ಅಮೌಂಟ್ ಬಿಫೋರ್ ದ ಡ್ಯೂ ಡೇಟ್." ಇದರಲ್ಲಿ ಹದಿಮೂರು ಪದಗಳಿವೆ. ನಾನು ಬರೆದದ್ದು "ಅವಧಿ ಮುಗಿಯುವ ಮೊದಲು ಈ ಹಣವನ್ನು ಹಿಂಪಡೆಯಲಾಗುವುದಿಲ್ಲ" ಎಂದು; ಎಣಿಸಿದರೆ ಆರು. ಇಂಗ್ಲಿಷಿನವರು ಐದಾರು ತುಂಡುಗಳಲ್ಲಿ ಹೇಳುವ ಸಾಧ್ಯತೆ, ನಿಷೇಧ, ಕಾಲಗಳನ್ನೆಲ್ಲ ಕನ್ನಡದ ಕ್ರಿಯಾಪದವೊಂದೇ ಹೊತ್ತುಕೊಳ್ಳುತ್ತದೆ, ವಿಭಕ್ತಿ ಪ್ರತ್ಯಯಗಳು ನಾಮಪದದ ಬೆನ್ನಿಗೇ ಅಂಟಿಕೊಂಡು ಬರುತ್ತವೆ, "ದ" ಎಂಬುದಕ್ಕೆ ನಮ್ಮಲ್ಲಿ ಕೆಲಸವೇ ಇಲ್ಲ. "ಬರಬೇಕಾಗಿರಲಿಲ್ಲವಂತೆ" ಎಂಬ ಒಂದು ಪದದೊಳಗೆ ಒಂದು ಕಟ್ಟುಪಾಡು, ಅದರ ನಿರಾಕರಣೆ, ಭೂತಕಾಲ, ಅದಲ್ಲದೆ ಇದನ್ನು ನಾನು ಕಂಡದ್ದಲ್ಲ, ಬೇರೆಯವರಿಂದ ಕೇಳಿದ್ದು ಎಂಬ ಎಚ್ಚರಿಕೆ ಎಲ್ಲವೂ ಇವೆ. ಅದಕ್ಕೆ ಸಿಗುವುದು 1 ರೂಪಾಯಿ 10 ಪೈಸೆ; "ಈ" ಎಂಬುದಕ್ಕೂ ಅಷ್ಟೇ.

ಇಂಗ್ಲಿಷಿನಿಂದ ಅನುವಾದ ಮಾಡುವವರು ಮೂಲಪಠ್ಯದ ಪದಗಳನ್ನು ಎಣಿಸಿ ಹಣ ಕೇಳುವುದು ಈ ವೃತ್ತಿಯಲ್ಲಿ ಬಳಕೆಯಲ್ಲಿರುವ ಕ್ರಮವೇ. ಅದು ನನಗೆ ಗೊತ್ತಾಗಲು 6,930 ರೂಪಾಯಿ ಖರ್ಚಾಯಿತು. ಅಂದಿನಿಂದ ನನ್ನ ದರಪಟ್ಟಿಯ ಮೊದಲ ಸಾಲಿನಲ್ಲಿ "ಎಣಿಕೆ: ಮೂಲಪಠ್ಯದ ಪದಗಳು" ಎಂದಿರುತ್ತದೆ. ನೇರವಾಗಿ ಕನ್ನಡದಲ್ಲೇ ಬರೆಯುವ ಲೇಖನಗಳಿಗೆ ಮೂಲವೆಂಬುದೇ ಇಲ್ಲವಾದ್ದರಿಂದ ಅಲ್ಲಿ ಲೇಖನಕ್ಕಿಷ್ಟು ಎಂದು ಒಟ್ಟಾರೆ ಮೊತ್ತ ಕೇಳುತ್ತೇನೆ. ಪದಕ್ಕಿಷ್ಟು ಎಂದು ಹಟ ಹಿಡಿಯುವವರ ಕೆಲಸವನ್ನು ಆದಷ್ಟು ಮಟ್ಟಿಗೆ ಒಪ್ಪಿಕೊಳ್ಳುವುದಿಲ್ಲ. ಏಕೆಂದರೆ ಆ ಲೆಕ್ಕ ಬರೆಯುವವರ ಕೈಯನ್ನು ಕೆಡಿಸುತ್ತದೆ. ಜಾಲತಾಣಗಳ ಕನ್ನಡದಲ್ಲಿ "ಮಾಡ ಬೇಕಾಗಿ ಇರುತ್ತದೆ", "ಹೋಗು ತ್ತಿದ್ದಾರೆ" ಎಂದು ಪದಗಳ ನಡುವೆ ಬಿರುಕು ಬಿಟ್ಟಿರುವುದನ್ನು ನೀವು ಕಂಡಿರಬಹುದು. ಅದೆಲ್ಲವೂ ಬರೆದವರ ಅಜ್ಞಾನವೆಂದು ನಾನು ಮೊದಲು ತಿಳಿದಿದ್ದೆ. ಪದಕ್ಕೆ ಮೂವತ್ತು ಪೈಸೆಯ ಲೆಕ್ಕದಲ್ಲಿ ಬರೆಯುವ ಕೆಲವರ ಪರಿಚಯವಾದ ಮೇಲೆ, ಅದರಲ್ಲಿ ಅಷ್ಟಿಷ್ಟು ಜಾಣತನವೂ ಇರಬಹುದೆಂಬ ಗುಮಾನಿ ಹುಟ್ಟಿದೆ. "ಎಂಬುದನ್ನು ನಾವಿಲ್ಲಿ ಗಮನಿಸಬಹುದಾಗಿದೆ ಎಂದು ಹೇಳಬಹುದು" ಎಂಬ ಬಾಲ ಬೆಳೆಯುವುದೂ ಇದೇ ಕಾರಣಕ್ಕೆ.

ನಾನು ಪತ್ರಿಕೆಯಲ್ಲಿದ್ದಾಗ ಕಲಿತ ಕನ್ನಡ ಈ ಕೆಲಸಕ್ಕೆ ಸಾಲಲಿಲ್ಲ ಎಂಬುದನ್ನೂ ಹೇಳಬೇಕು. ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್ ಒಂದರ ಕೆಲಸ ಬಂದಾಗ, ಊರಿನ ಹೆಸರು ಬಂದು ಕೂರುವ ಜಾಗವನ್ನು ಖಾಲಿ ಬಿಟ್ಟು, ಅದರ ಮುಂದೆ ಚತುರ್ಥಿಯ "ಗೆ" ಪ್ರತ್ಯಯವನ್ನು ಒಂದೇ ರೂಪದಲ್ಲಿ ಬರೆದುಕೊಡಿ ಎಂದರು. ಶಿರಸಿಗೆ ಸರಿ. ಮೈಸೂರಿಗೆ ಎಂಬಲ್ಲಿ ನಡುವೆ ಇನ್ನೊಂದು ಸ್ವರ ಬೇಕು. ಸಾಗರಕ್ಕೆ ಎಂಬಲ್ಲಿ ಪ್ರತ್ಯಯವೇ ಬೇರೆ. ಕಂಪ್ಯೂಟರಿಗೆ ಇದು ತಿಳಿಯದು. ಅದು "ಸಾಗರ ಗೆ" ಎಂದೇ ತೋರಿಸುತ್ತದೆ. ಕೊನೆಗೆ "ಹೊರಡುವ ಊರು", "ತಲುಪುವ ಊರು" ಎಂದು ಎರಡು ಪಟ್ಟಿಗಳಿಟ್ಟು ವಾಕ್ಯವನ್ನೇ ಇಲ್ಲವಾಗಿಸಿದೆ. ಮನುಷ್ಯರ ಹೆಸರಿನ ಮುಂದೆ "ಅವರಿಗೆ" ಎಂದು ಸೇರಿಸಿದರೆ ಲಿಂಗ, ಸ್ವರ, ಮರ್ಯಾದೆ ಮೂರೂ ಒಟ್ಟಿಗೇ ಬಗೆಹರಿಯುತ್ತವೆ. ಆ್ಯಪುಗಳೆಲ್ಲ ನಮ್ಮನ್ನು ಇಷ್ಟೊಂದು ಗೌರವದಿಂದ ಮಾತನಾಡಿಸುವುದಕ್ಕೆ ಅದೂ ಒಂದು ಕಾರಣ. ಆ ಎರಡು ಪಟ್ಟಿಗಳ ಪರಿಹಾರ ಹೊಳೆಯಲು ಅರ್ಧ ದಿನ ಹಿಡಿಯಿತು. ಬಿಲ್ಲಿನಲ್ಲಿ ಅದು ನಾಲ್ಕು ಪದ.

ಇಂತಹ ಕೆಲಸಕ್ಕೆ ಬರಗಾಲವಿಲ್ಲವೆಂದು ಅನ್ನಿಸಿದ್ದು 2020ರಲ್ಲಿ. ಫ್ಲಿಪ್‌ಕಾರ್ಟ್ ಆ ವರ್ಷದ ಜೂನ್‌ನಲ್ಲಿಯೂ ಅಮೆಜಾನ್ ಸೆಪ್ಟೆಂಬರ್‌ನಲ್ಲಿಯೂ ಕನ್ನಡಕ್ಕೆ ಬಂದವು. ಅವುಗಳನ್ನು ನೋಡಿ ಸಣ್ಣಪುಟ್ಟ ಅಂಗಡಿಗಳು, ಸಾಲ ಕೊಡುವವರು, ಪಾಠ ಹೇಳುವವರು ಎಲ್ಲರಿಗೂ ಕನ್ನಡ ಬೇಕಾಯಿತು. "ಆರ್ಡರ್" ಎಂಬುದನ್ನು "ಆದೇಶ" ಎಂದು ಬರೆಯಬೇಡಿ, ಆದೇಶ ಹೊರಡಿಸುವುದು ಸರ್ಕಾರ, ಕುಕ್ಕರ್ ತರಿಸುವವರಲ್ಲ ಎಂದು ಒಂದು ಕಂಪನಿಯ ಜೊತೆ ನಾನು ಮೂರು ವಾರ ಪತ್ರವ್ಯವಹಾರ ನಡೆಸಿದ್ದು ಆಗಲೇ. "ಬ್ಯಾಲೆನ್ಸ್" "ಸಮತೋಲನ"ವಾಗದಂತೆ ತಡೆದದ್ದೂ ಆಗಲೇ. ಕೊರೊನಾದ ಆ ದಿನಗಳಲ್ಲಿ ತಿಂಗಳಿಗೆ ನಲವತ್ತು ಸಾವಿರದವರೆಗೂ ಬಂದದ್ದುಂಟು. ಅದರ ಮುಂದಿನ ವರ್ಷ ಒಂದು ತಿಂಗಳು ಮೂರೂವರೆ ಸಾವಿರ ಬಂದದ್ದೂ ಉಂಟು. ಸಂಬಳವೆಂದು ಇದನ್ನು ನಂಬಿ ಕಂತು ಕಟ್ಟಲು ಹೊರಡುವವರು ಎರಡನೆಯ ಅಂಕಿಯನ್ನು ನೆನಪಿನಲ್ಲಿಡಬೇಕು.

ಬಿಡಿ ಕೆಲಸ ಕೊಡಿಸುವ ವಿದೇಶಿ ಜಾಲತಾಣಗಳಲ್ಲಿ ಡಾಲರು ಸುಲಭವಾಗಿ ಸಿಗುತ್ತದೆಂದು ಹೇಳುವವರು ಕತ್ತರಿಯ ಮಾತನ್ನು ಹೇಳುವುದಿಲ್ಲ. ಫೈವರ್ ನಮ್ಮ ಗಳಿಕೆಯಿಂದ 20% ಹಿಡಿದುಕೊಳ್ಳುತ್ತದೆ. ಅಪ್‌ವರ್ಕ್ 2023ರವರೆಗೆ ಒಬ್ಬೊಬ್ಬ ಗ್ರಾಹಕರಿಂದ ಬರುವ ಮೊದಲ 500 ಡಾಲರಿಗೂ ಅಷ್ಟೇ ಹಿಡಿಯುತ್ತಿತ್ತು. ಅದಲ್ಲದೆ 2019ರಿಂದ, ಕೆಲಸ ಕೊಡಿ ಎಂದು ಅರ್ಜಿ ಹಾಕುವುದಕ್ಕೂ ದುಡ್ಡು. ಇದರ ಮೇಲೆ ಹಣ ವರ್ಗಾವಣೆಯ ಶುಲ್ಕ, ವಿನಿಮಯ ದರದಲ್ಲಿನ ಕಡಿತ. ಕನ್ನಡದ ಕೆಲಸ ಅಲ್ಲಿ ಬರುವುದೇ ಅಪರೂಪ. ನಾನು ಎರಡು ವರ್ಷ ಇದ್ದು ಹೊರಬಂದೆ.

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು, ಹಾಗೆಯೇ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತರುವುದು, ಸುದ್ದಿಯಂತೆ ಕಾಣುವ ತಾಣಗಳಿಗೆ ಬರೆಯುವ ಕೆಲಸ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಜಾರಿಗೆ ಬಂದು ಮನೆಯ ಯಜಮಾನಿಯರ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿದಾಗ, ಆ ಹಣ ಯಾವಾಗ ಬರುತ್ತದೆ ಎಂದು ಲಕ್ಷಾಂತರ ಜನ ಮೊಬೈಲಿನಲ್ಲಿ ಹುಡುಕುತ್ತಿದ್ದರು. ಹುಡುಕುವವರಿದ್ದ ಮೇಲೆ ಜಾಹೀರಾತಿನ ಹಣ ಇರುತ್ತದೆ. ಒಂದು ತಾಣ ದಿನಕ್ಕೆ ಮೂರು ಲೇಖನಗಳಂತೆ, ಪದಕ್ಕೆ 40 ಪೈಸೆಗೆ ನನ್ನನ್ನು ಒಪ್ಪಿಸಿತು. ಕೆಲಸವಿಲ್ಲದ ತಿಂಗಳಾದ್ದರಿಂದ ನಾನೂ ಒಪ್ಪಿದೆ. ಹೇಳಲು ಹೊಸ ಸಂಗತಿ ಇಲ್ಲದ ದಿನವೂ ಮೂರು ಲೇಖನ ಬೇಕು. ಯೋಜನೆಯ ಹಿನ್ನೆಲೆ, ಅರ್ಹತೆ, ಬೇಕಾಗುವ ದಾಖಲೆ ಎಂದು ನಾನೂರು ಪದ ಎಳೆದು, ಕೊನೆಯ ಪ್ಯಾರಾದಲ್ಲಿ "ಶೀಘ್ರದಲ್ಲೇ ಜಮೆಯಾಗುವ ನಿರೀಕ್ಷೆಯಿದೆ" ಎಂದು ಮುಗಿಸಿದರೆ, ತಾಣದವರು ಅದಕ್ಕೆ "ನಾಳೆಯೇ ನಿಮ್ಮ ಖಾತೆಗೆ ಹಣ!" ಎಂಬ ತಲೆಬರಹ ಹಚ್ಚುತ್ತಿದ್ದರು.

ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬರು ಒಂದು ಬೆಳಿಗ್ಗೆ ಜಗಲಿಯ ಮೇಲೆ ಕುಳಿತು ಚಾ ಕುಡಿಯುತ್ತ, "ನಾಳೆ ಪ್ಯಾಟಿಗೆ ಹೋಗ್ಬೇಕು, ರಜೆ ಕೊಡಿ ಅಕ್ಕಾ, ಗೃಹಲಕ್ಷ್ಮಿ ದುಡ್ಡು ಬರ್ತದಂತೆ, ಮೊಬೈಲಲ್ಲಿ ಹಾಕಿದಾರೆ" ಎಂದು ಮಗನ ಫೋನನ್ನು ನನ್ನ ಕಡೆ ಹಿಡಿದರು. ತಲೆಬರಹದ ಕೆಳಗಿದ್ದ ಸಾಲುಗಳೆಲ್ಲ ನನ್ನವೇ. ಹೋಗಬೇಡಿ, ಅದು ಸುಳ್ಳು ಎಂದೆ. "ಬರದವ್ರು ಗೊತ್ತಿಲ್ದೆ ಬರೀತಾರಾ?" ಎಂದು ನಕ್ಕು, ಮರುದಿನ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು, ಬ್ಯಾಂಕಿಗೆ ಹೋಗಿ ಬಂದರು. ನಾನು ಆ ತಾಣದ ಕೆಲಸ ಬಿಟ್ಟೆ. ಅದುವರೆಗಿನ 2,160 ರೂಪಾಯಿ ಬಂದಿತ್ತು; ಅವರ ಆ ದಿನದ ಕೂಲಿಯನ್ನು ನಾನು ಕೊಟ್ಟೆನಾದರೂ ಏಕೆ ಕೊಡುತ್ತಿದ್ದೇನೆಂದು ಬಾಯಿಬಿಟ್ಟು ಹೇಳಲಾಗಲಿಲ್ಲ.

ಮೋಸದ ಇನ್ನೊಂದು ಬಗೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮೂರಿನ ಕಾಲೇಜು ಹುಡುಗಿಯರು ಅದಕ್ಕೇ ಮೊದಲು ಬೀಳುತ್ತಾರೆ. ಪುಟಕ್ಕಿಷ್ಟು ಎಂದು ಟೈಪಿಂಗ್ ಕೆಲಸ ಕೊಡುತ್ತೇವೆ, ನೋಂದಣಿಗೆ ಸ್ವಲ್ಪ ಹಣ ಕಟ್ಟಿ ಎನ್ನುತ್ತಾರೆ; ಕಟ್ಟಿದ ಮೇಲೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ; ಕೆಲಸ ಮುಗಿಸಿ ಕಳಿಸಿದಾಗ ತಪ್ಪುಗಳಿವೆಯೆಂದು ತಿರಸ್ಕರಿಸಿ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ಕೋರ್ಟಿಗೆ ಎಳೆಯುತ್ತೇವೆ ಎಂದು ವಕೀಲರ ಹೆಸರಿನಲ್ಲಿ ನೋಟಿಸು ಕಳಿಸುತ್ತಾರೆ. ಕೆಲಸ ಕೊಡುವವರು ನಮ್ಮಿಂದ ಹಣ ಕೇಳಿದರೆ ಅದು ಕೆಲಸವಲ್ಲ. ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು. ನೋಟಿಸಿಗೆ ಹೆದರಿ ಮತ್ತೆ ಕಟ್ಟಬಾರದು.

ನಿಜವಾದ ಗ್ರಾಹಕರ ವಿಚಾರದಲ್ಲಿ ನನಗೆ ಹೆಚ್ಚು ತೊಂದರೆ ಕೊಟ್ಟದ್ದು ಮೋಸವಲ್ಲ, ವಿಳಂಬ. ದರದ ಬಗ್ಗೆ ಒಂದು ಗಂಟೆ ಚೌಕಾಸಿ ಮಾಡುವ ನಾವು, ಹಣ ಯಾವ ತಾರೀಕಿಗೆ ಬರುತ್ತದೆಂದು ಕೇಳುವುದಿಲ್ಲ. ಒಂದು ಏಜೆನ್ಸಿ 31,000 ರೂಪಾಯಿಯನ್ನು ಏಳು ತಿಂಗಳು ಹಿಡಿದಿಟ್ಟುಕೊಂಡಿತ್ತು. ತಿಂಗಳಿಗೊಮ್ಮೆ ವಿನಯದಿಂದ ನೆನಪಿಸುವುದು, ಅಕೌಂಟ್ಸ್ ವಿಭಾಗಕ್ಕೆ ಕಳಿಸಿದ್ದೇವೆ ಎಂಬ ಉತ್ತರ ಪಡೆಯುವುದು, ಹೀಗೇ ನಡೆದಿತ್ತು. ಶಿವಮೊಗ್ಗದಲ್ಲಿ ಲೆಕ್ಕಪತ್ರ ನೋಡುವ ಸೋದರಮಾವನ ಮಗನಿಗೆ ಈ ಗೋಳು ಹೇಳಿಕೊಂಡಾಗ, "ಉದ್ಯಮ್ ನೋಂದಣಿ ಮಾಡಿಸಿದೀಯಲ್ಲ, ಮತ್ತೆ ಅಳೋದ್ಯಾಕೆ?" ಎಂದ. 2020ರ ಜುಲೈನಲ್ಲಿ ಶುರುವಾದ, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಆ ನೋಂದಣಿಯನ್ನು, ಆಧಾರ್ ಮತ್ತು ಪ್ಯಾನ್ ಇದ್ದರೆ ಬಿಟ್ಟಿಯಾಗಿ ಆಗುತ್ತದೆಂಬ ಒಂದೇ ಕಾರಣಕ್ಕೆ ಮಾಡಿಸಿ ಮರೆತಿದ್ದೆ. ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳಿಗೆಂದಿರುವ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅಂತಹ ನೋಂದಣಿಯಿರುವ ಸಣ್ಣ ಉದ್ಯಮಕ್ಕೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕು; ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಘೋಷಿಸುವ ಬ್ಯಾಂಕ್ ದರದ ಮೂರು ಪಟ್ಟಿನಂತೆ ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರುತ್ತ ಹೋಗುತ್ತದೆ. ಮನೆಯ ಮಾಳಿಗೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅನುವಾದ ಮಾಡುವವಳೂ ಕಾಯ್ದೆಯ ಕಣ್ಣಿಗೆ ಸೇವೆ ಒದಗಿಸುವ ಉದ್ಯಮವೇ. ಬಡ್ಡಿಯನ್ನು ಲೆಕ್ಕ ಹಾಕಿ, ಇಂತಹ ಬಾಕಿಯ ದೂರುಗಳಿಗೆಂದು ಸರ್ಕಾರ ಮಾಡಿದ ಸಮಾಧಾನ್ ಪೋರ್ಟಲ್ಲಿನಲ್ಲಿ ದೂರು ದಾಖಲಿಸುವುದಾಗಿ ನಾಲ್ಕು ಸಾಲಿನ ಇಮೇಲ್ ಬರೆದೆ. ಒಂಬತ್ತನೆಯ ದಿನ ಅಸಲು ಬಂತು. ಬಡ್ಡಿ ಬರಲಿಲ್ಲ, ನಾನು ಬೆನ್ನು ಹತ್ತಲೂ ಇಲ್ಲ.

ಆತ ಹೇಳಿಕೊಟ್ಟ ಇನ್ನೊಂದು ಸಂಗತಿಯೂ ಉಪಯೋಗಕ್ಕೆ ಬಂತು. ಏಜೆನ್ಸಿಗಳು ನಮ್ಮ ಹಣದಲ್ಲಿ 10% ಟಿಡಿಎಸ್, ಅಂದರೆ ಮುಂಗಡವಾಗಿ ಹಿಡಿಯುವ ತೆರಿಗೆ, ಎಂದು ಮುರಿದುಕೊಳ್ಳುತ್ತವೆ. ನನ್ನಷ್ಟು ಆದಾಯದವರಿಗೆ ಆದಾಯ ತೆರಿಗೆಯೇ ಬಾರದಿರುವಾಗ, ರಿಟರ್ನ್ ಸಲ್ಲಿಸಿದರೆ ಆ ಹಣ ವಾಪಸ್ಸು ಬರುತ್ತದೆ. ತೆರಿಗೆ ಇಲ್ಲವಲ್ಲ, ರಿಟರ್ನ್ ಏಕೆ ಎಂದು ಕುಳಿತವರು ಅದನ್ನು ಕಳೆದುಕೊಳ್ಳುತ್ತಾರೆ. ನಾನು ಮೊದಲ ಎರಡು ವರ್ಷ ಹಾಗೆಯೇ ಕುಳಿತಿದ್ದೆ.

ಕತೆ, ಪ್ರಬಂಧಗಳನ್ನು ಬರೆಯುವವರಿಗೆ ಬೇರೆ ಎಚ್ಚರ ಬೇಕು. ಪ್ರತಿಲಿಪಿಯಂತಹ ವೇದಿಕೆಗಳಲ್ಲಿ ಕನ್ನಡದ ಧಾರಾವಾಹಿಗಳನ್ನು ಓದುಗರು ಹಣ ಕೊಟ್ಟು ಓದುತ್ತಾರೆ, ಬರೆದವರಿಗೆ ಅದರಲ್ಲಿ ಪಾಲು ಬರುತ್ತದೆ. ನನಗೆ ದಿನವೂ ಒಂದು ಕಂತು ಬರೆಯುವ ಶಕ್ತಿಯಿಲ್ಲದ್ದರಿಂದ ಆ ಲೋಕ ದೂರದಿಂದ ಮಾತ್ರ ಗೊತ್ತು. ಆದರೆ ಆಡಿಯೊ ಕಂಪನಿಯೊಂದು ನನ್ನ ಆರು ಕತೆಗಳನ್ನು ಕೇಳಿ ಕಳಿಸಿದ ಒಪ್ಪಂದಪತ್ರವನ್ನು ಓದುವಾಗ ಕಾಪಿರೈಟ್ ಕಾಯ್ದೆಯ 19ನೆಯ ಸೆಕ್ಷನ್ ನೆರವಿಗೆ ಬಂತು. ಹಕ್ಕನ್ನು ಬರೆದುಕೊಡುವಾಗ ಎಷ್ಟು ವರ್ಷಕ್ಕೆಂದು ನಮೂದಿಸದಿದ್ದರೆ ಅದು ಐದು ವರ್ಷಕ್ಕೆಂದೂ, ಯಾವ ಪ್ರದೇಶಕ್ಕೆಂದು ಹೇಳದಿದ್ದರೆ ಭಾರತಕ್ಕಷ್ಟೇ ಎಂದೂ ಅದು ಹೇಳುತ್ತದೆ. ಕಂಪನಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಪತ್ರದಲ್ಲಿ ಸ್ಪಷ್ಟವಾಗಿ "ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂದಿತ್ತು. ಕತೆಯೊಂದಕ್ಕೆ 800 ರೂಪಾಯಿಗೆ ಶಾಶ್ವತವನ್ನು ಮಾರಲು ಮನಸ್ಸಾಗದೆ ಸುಮ್ಮನಾದೆ.

ಈಚಿನ ಎರಡು ವರ್ಷಗಳಲ್ಲಿ ಎಣಿಕೆಯೇ ಬದಲಾಗಿದೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಅದು ನಮಗೆ ನಗೆಯ ವಸ್ತುವಾಗಿತ್ತು. 2017ರಲ್ಲಿ ಇಡೀ ವಾಕ್ಯವನ್ನು ಒಟ್ಟಿಗೆ ನೋಡಿ ಅನುವಾದಿಸುವ ನ್ಯೂರಲ್ ವಿಧಾನ ಬಂದಾಗ ನಗು ಕಡಿಮೆಯಾಯಿತು. ಈಗ ಏಜೆನ್ಸಿಗಳು ಯಂತ್ರ ಮಾಡಿದ ಅನುವಾದವನ್ನೇ ಕಳಿಸಿ, ತಿದ್ದಿಕೊಟ್ಟರೆ ಸಾಕು ಎಂದು ಅರ್ಧ ದರ ಹೇಳುತ್ತವೆ. ಯಂತ್ರದ ಕನ್ನಡವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಬೇಗ ಎಂದು ನಾನು ಬಹಳ ದಿನ ವಾದಿಸಿದೆ. ಔಷಧಿಯ ಚೀಟಿ, ಸಾಲದ ಷರತ್ತುಗಳಂತಹ ಒಣ ಪಠ್ಯಗಳಲ್ಲಿ ಆ ವಾದ ಇನ್ನು ನಿಲ್ಲುವುದಿಲ್ಲ, ಒಪ್ಪಿಕೊಳ್ಳಬೇಕು. ಅದರ ಬದಲಿಗೆ ಬಂದಿರುವುದು ಇನ್ನೊಂದು ಬಗೆಯ ಕೆಲಸ: ಎಐ ಕೊಟ್ಟ ಕನ್ನಡದ ಉತ್ತರಗಳನ್ನು ಓದಿ, ಎಲ್ಲಿ ತಪ್ಪಿದೆ, ಯಾರೂ ಹೀಗೆ ಮಾತಾಡುವುದಿಲ್ಲ, ಹಾಗಾದರೆ ಹೇಗೆ ಮಾತಾಡುತ್ತಾರೆ ಎಂದು ಬರೆದುಕೊಡುವುದು. ಇಲ್ಲಿ ಪದಗಳನ್ನು ಎಣಿಸುವುದಿಲ್ಲ, ಗಂಟೆಗಿಷ್ಟು. ಕಂಪ್ಯೂಟರಿನ ಮೂಲೆಯಲ್ಲಿ ಗಡಿಯಾರವೊಂದು ಓಡುತ್ತಿರುತ್ತದೆ, ಕೀಲಿಮಣೆ ಸುಮ್ಮನಾದರೆ ಐದು ನಿಮಿಷಕ್ಕೆ ನಿಂತುಬಿಡುತ್ತದೆ.

ಕಳೆದ ಜುಲೈನಲ್ಲಿ, ಹೊರಗೆ ಜಡಿಮಳೆ, ಕರೆಂಟಿಲ್ಲದೆ ಇನ್‌ವರ್ಟರಿನ ಮೇಲೆ ಕುಳಿತಿದ್ದಾಗ, ಅಡಿಕೆಯ ಕೊಳೆರೋಗದ ಬಗ್ಗೆ ರೈತರು ಕೇಳಿದ ಪ್ರಶ್ನೆಗೆ ಯಂತ್ರ ಬರೆದ ಉತ್ತರವೊಂದು ತಿದ್ದಲು ಬಂತು. "ಶೇಕಡಾ ಒಂದರ ಬೋರ್ಡೋ ಮಿಶ್ರಣಕ್ಕಾಗಿ ತಾಮ್ರದ ಸಲ್ಫೇಟನ್ನು ಕರಗಿಸಿ, ಗೊಂಚಲುಗಳಿಗೆ ಸಿಂಪಡಣೆಯನ್ನು ನಿರ್ವಹಿಸಿ" ಎಂದಿತ್ತು. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ನಮ್ಮಲ್ಲಿ ಅದು ಮೈಲುತುತ್ತ, ಗೊಂಚಲಲ್ಲ, ಕೊನೆ, ಸಿಂಪಡಣೆ ನಿರ್ವಹಿಸುವುದಲ್ಲ, ಮದ್ದು ಹೊಡೆಯುವುದು. ಇಷ್ಟು ನನಗೇ ಗೊತ್ತಿತ್ತು. ಮುಂದೆ ಎಲ್ಲಿಯವರೆಗೆ ಹೊಡೆಯಬೇಕು, ಮಳೆ ಬಿಡುವು ಕೊಡದಿದ್ದರೆ ಏನು ಮಾಡಬೇಕು ಎಂಬಲ್ಲಿ ಯಂತ್ರದ ವಾಕ್ಯ ಗೋಜಲಾಗಿತ್ತು. ಎದ್ದು ಕಂಬಳಿ ಹೊದ್ದು ಒಲೆಯ ಮುಂದೆ ಕುಳಿತಿದ್ದ ಅಪ್ಪಯ್ಯನನ್ನು ಕೇಳಿದೆ. ಅವರು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬಲ್ಲಿಂದ ಶುರುಮಾಡಿ, ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಹಾಕಬೇಕೇ ಹೊರತು ತಿರುಗಾಮುರುಗಾ ಮಾಡಬಾರದೆಂದು ಹೇಳಿ, ಮಳೆ ಬಿಡದಿದ್ದರೆ ಮಳೆನೀರು ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿದ ಕೊನೆಗಳೇ ಉಳಿಯುವುದು ಎಂಬಲ್ಲಿಗೆ ಮುಗಿಸಿದರು. ನಾನು ಚೀಟಿಯಲ್ಲಿ ಬರೆದುಕೊಂಡು ಬಂದು ಟೈಪ್ ಮಾಡಿದೆ.

ಗಡಿಯಾರ ನಿಂತಿತ್ತು. "ನಿಷ್ಕ್ರಿಯ ಸಮಯ: 22 ನಿಮಿಷ" ಎಂದು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು. ತಿಂಗಳ ಕೊನೆಯ ಬಿಲ್ಲಿನಲ್ಲಿ ಆ 22 ನಿಮಿಷಗಳನ್ನು ಪ್ರತ್ಯೇಕ ಸಾಲಿನಲ್ಲಿ, "ವಿಷಯತಜ್ಞರೊಂದಿಗೆ ಸಮಾಲೋಚನೆ" ಎಂದು ಬರೆದು ಕಳಿಸಿದ್ದೇನೆ. ಉಳಿದ ಹಣ ಬಂದಿದೆ. ಆ ಸಾಲಿನ ಬಗ್ಗೆ ಇನ್ನೂ ಉತ್ತರವಿಲ್ಲ.